ಮಾತ್ರೆ ನಿಲ್ಲಿಸೋಕೂ ಡಾಕ್ಟರ್ ಬೇಕು ಸ್ವಾಮಿ

ಇವತ್ತು ರಾಜಕೀಯ ಬೇಡ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಅಂದ ತಕ್ಷಣ ನಮ್ಮ ಟಿವಿಯವರಿಗೆ ನೆನಪಾಗೋದು ಎಲೆಕ್ಷನ್ನು, ಕಬ್ಬು, ಕಾವೇರಿ. ಆದರೆ ಅದೇ ಊರುಗಳಲ್ಲಿ ಎಷ್ಟೋ ಮನೆಗಳಲ್ಲಿ ಅಕ್ಕಪಕ್ಕದವರ ಕಣ್ಣಿಗೆ ಬೀಳದ ಹಾಗೆ ಬಚ್ಚಿಟ್ಟ ಒಂದು ಮಾತ್ರೆ ಶೀಟು ಇರುತ್ತೆ. ಇವತ್ತು ಅದರ ಮಾತು.

2015 ನೆನಪಿದೆಯಲ್ಲ? ಕಬ್ಬಿನ ಬಾಕಿ ಬರಲಿಲ್ಲ, ಸಾಲ ತೀರಲಿಲ್ಲ, ಮಂಡ್ಯ ಜಿಲ್ಲೆಯ ರೈತರ ಆತ್ಮಹತ್ಯೆ ದೇಶಕ್ಕೆಲ್ಲ ಸುದ್ದಿಯಾಯ್ತು. ಮನಸ್ಸಿಗೂ ಕಾಯಿಲೆ ಬರುತ್ತೆ, ಅದಕ್ಕೂ ಔಷಧಿ ಇದೆ ಅನ್ನೋ ಮಾತು ಹಳ್ಳಿಗಳಲ್ಲೂ ಕೇಳಿಬಂತು. ಒಳ್ಳೇದೇ ಆಯ್ತು. ಮಂಡ್ಯದ ಮಿಮ್ಸ್‌ಗೆ ಹೋದರು, ನಾಗಮಂಗಲದವರು ಬಿ.ಜಿ.ನಗರಕ್ಕೆ, ಶ್ರೀರಂಗಪಟ್ಟಣದವರು ಮೈಸೂರಿಗೆ ಹೋದರು. ಮಾತ್ರೆ ಶುರು ಮಾಡಿ ಅಂತ ಹೇಳೋರು ಸಿಕ್ಕರು. ಅದನ್ನ ಬಿಡೋದು ಹೇಗೆ ಅಂತ ಕೂರಿಸಿಕೊಂಡು ಹೇಳೋರು ಎಷ್ಟು ಜನ?

ಪಾಂಡವಪುರ ಕಡೆಯ ಒಬ್ಬ ಹೆಣ್ಣುಮಗಳು ಅಂತಲೇ ಇಟ್ಟುಕೊಳ್ಳಿ. ಆರು ತಿಂಗಳು ಮಾತ್ರೆ ತಗೊಂಡಳು. ನಿದ್ದೆ ಬಂತು, ಅಳು ನಿಂತಿತು, ಅಡುಗೆಮನೆಗೆ ವಾಪಸ್ ಬಂದಳು. ಆಗ ಅತ್ತೆ ಹೇಳ್ತಾರೆ: “ಚೆನ್ನಾಗೇ ಇದೀಯಲ್ಲವ್ವ, ಇನ್ಯಾಕೆ ಆ ನಿದ್ದೆ ಮಾತ್ರೆ? ಅಭ್ಯಾಸ ಆಗೋಯ್ತದೆ.” ಶೀಟೂ ಮುಗಿದಿತ್ತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸೇನೋ ಫ್ರೀ, ಆದರೆ ಒಂದು ದಿನದ ಕೂಲಿ ಯಾರು ಕೊಡ್ತಾರೆ? ನಿಲ್ಲಿಸಿಬಿಟ್ಟಳು.

ಎರಡು ಮೂರು ದಿನಕ್ಕೆ ತಲೆ ತಿರುಗು. ವಾಕರಿಕೆ. ರಾತ್ರಿ ಕೆಟ್ಟ ಕನಸು, ಬೆವರು, ಸುಮ್ಮಸುಮ್ಮನೆ ಸಿಟ್ಟು. ಕಣ್ಣು ಹೊರಳಿಸಿದರೆ ತಲೆಯೊಳಗೆ ಚುರ್ ಅಂತ ಕರೆಂಟ್ ಹೊಡೆದ ಹಾಗೆ! ಮೈಮೇಲೆ ಏನೋ ಬಂದಿದೆ ಅಂತ ತಾಯತ ಕಟ್ಟಿಸಿದರೂ ಆಶ್ಚರ್ಯ ಇಲ್ಲ. ಮನೆಯವರು ಒಂದೋ “ಕಾಯಿಲೆ ತಿರುಗಿ ಬಂತು” ಅಂತಾರೆ, ಇಲ್ಲ “ನೋಡು, ಚಟ ಹತ್ತಿಸಿಬಿಟ್ರು” ಅಂತಾರೆ.

ಎರಡೂ ತಪ್ಪು. ಇದಕ್ಕೆ ವಿತ್‌ಡ್ರಾವಲ್ ಅಂತಾರೆ. ತಿಂಗಳುಗಟ್ಟಲೆ ಔಷಧಿಗೆ ಹೊಂದಿಕೊಂಡ ಮೆದುಳಿಗೆ ಅದು ಏಕಾಏಕಿ ಸಿಗದಿದ್ದಾಗ ಆಗೋ ಒದ್ದಾಟ. ಡೋಸ್ ಜಾಸ್ತಿ ಬೇಕು ಅನ್ನೋ ಹಪಾಹಪಿ ಇಲ್ಲಿಲ್ಲ, ಹಾಗಾಗಿ ಕುಡಿತದ ಥರದ ಚಟ ಅಲ್ಲ. ಹಳೇ ಖಿನ್ನತೆ ಮರಳೋದಾದರೆ ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಹಿಡಿಯುತ್ತೆ. ನಿಲ್ಲಿಸಿದ ದಿನಗಳಲ್ಲೇ, ಅದೂ ಮೊದಲು ಯಾವತ್ತೂ ಇಲ್ಲದ ಕರೆಂಟ್ ಶಾಕ್, ತಲೆ ತಿರುಗು ಬಂದರೆ ಅನುಮಾನ ವಿತ್‌ಡ್ರಾವಲ್ ಮೇಲೆ ಹೋಗಬೇಕು.

ಹೆದರಿಸೋಕೆ ಹೇಳ್ತಿಲ್ಲ. 2024ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಬಂದ ದೊಡ್ಡ ವಿಶ್ಲೇಷಣೆ ಪ್ರಕಾರ, ನಿಲ್ಲಿಸಿದ ಆರೇಳು ಜನರಲ್ಲಿ ಒಬ್ಬರಿಗೆ ಔಷಧಿ ಬಿಟ್ಟಿದ್ದರಿಂದಲೇ ತೊಂದರೆ, ತೀವ್ರವಾಗಿ ಆಗೋದು ನೂರಕ್ಕೆ ಸುಮಾರು ಮೂರು ಜನಕ್ಕೆ. ವೆನ್ಲಾಫ್ಯಾಕ್ಸಿನ್, ಪ್ಯಾರೋಕ್ಸೆಟಿನ್ ಬಿಡೋದು ಕಷ್ಟ. ಫ್ಲೂಆಕ್ಸೆಟಿನ್ ದೇಹದಿಂದ ನಿಧಾನ ಇಳಿಯುತ್ತೆ, ಅದರ ಕಾಟ ಕಮ್ಮಿ.

ಇನ್ನೊಂದು ವಿಷಯ ಕಿವಿಗೊಟ್ಟು ಕೇಳಿ. ನಮ್ಮಲ್ಲಿ ಎಸಿಟಲೊಪ್ರಾಂ ಜೊತೆ ಕ್ಲೋನಾಜೆಪಾಂ ಸೇರಿಸಿದ ಒಂದೇ ಮಾತ್ರೆ ಧಾರಾಳವಾಗಿ ಓಡುತ್ತೆ. ಕ್ಲೋನಾಜೆಪಾಂ ಬೇರೆ ಜಾತಿಯದು, ಅದಕ್ಕೆ ನಿಜವಾಗಲೂ ಅವಲಂಬನೆ ಬೆಳೆಯುತ್ತೆ. ತುಂಬಾ ದಿನ ತಗೊಂಡು ದಿಢೀರಂತ ಬಿಟ್ಟರೆ ಫಿಟ್ಸ್ ಬರೋ ಅಪಾಯ ಇದೆ. ನಿಮ್ಮ ಶೀಟಿನ ಹಿಂದೆ ಎರಡು ಹೆಸರಿದ್ದರೆ ಡಾಕ್ಟರನ್ನ ಕೇಳದೆ ಒಂದು ದಿನವೂ ಬಿಡಬೇಡಿ.

ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಡೋಕೆ ಮುಂಚೆ ಹೊಳೆ ದಂಡೆಯವರಿಗೆ ಎಚ್ಚರಿಕೆ ಕೊಡ್ತಾರೆ. ಈ ಮಾತ್ರೆ ಕೊಡುವಾಗ ಅಷ್ಟು ಒಂದು ಮಾತು ಯಾಕಿಲ್ಲ? ‘ನಿಲ್ಲಿಸುವಾಗ ನನ್ನ ಹತ್ರ ಬನ್ನಿ’ ಅನ್ನೋಕೆ ಅರ್ಧ ನಿಮಿಷ ಸಾಕು. ಓಪಿಡಿ ಕ್ಯೂ ಉದ್ದ ಇದೆ, ಒಪ್ಪಿದೆ. ಆದರೂ ಅರ್ಧ ನಿಮಿಷ.

ಬಿಡೋದೂ ಒಂದು ಲೆಕ್ಕ. ಹಂತ ಹಂತವಾಗಿ, ವಾರಗಳು, ಕೆಲವರಿಗೆ ತಿಂಗಳುಗಳು. ಲಂಡನ್ನಿನ ಮಾರ್ಕ್ ಹೊರೊವಿಟ್ಜ್, ಡೇವಿಡ್ ಟೇಲರ್ 2019ರಲ್ಲಿ ತೋರಿಸಿದ್ದು ಇದೇ: ಮೊದಲ ಇಳಿತಕ್ಕಿಂತ ಕೊನೇ ಇಳಿತ ಕಷ್ಟ, ಯಾಕಂದ್ರೆ ಸಣ್ಣ ಡೋಸೂ ಮೆದುಳಿನಲ್ಲಿ ದೊಡ್ಡ ಕೆಲಸ ಮಾಡ್ತಿರುತ್ತೆ. ದಿನ ಬಿಟ್ಟು ದಿನ ನುಂಗೋದು ಇಳಿಸೋ ದಾರಿಯಲ್ಲ, ಏರಿಳಿತ ಜಾಸ್ತಿ ಆಗುತ್ತೆ ಅಷ್ಟೆ. ನಿಧಾನವಾಗಿ ಕರಗೋ ಮಾತ್ರೆಗಳನ್ನ ಮುರಿಯೋ ಹಾಗೂ ಇಲ್ಲ.

ಆಗಲೇ ಬಿಟ್ಟು ಒದ್ದಾಡ್ತಿದ್ದರೆ? ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಬೈತಾರೆ ಅಂತ ಮುಚ್ಚಿಡಬೇಡಿ. ಎಷ್ಟೋ ಸಲ ಹಳೇ ಡೋಸ್ ಮತ್ತೆ ಶುರುಮಾಡಿದರೆ ಕೆಲವೇ ದಿನದಲ್ಲಿ ಹತೋಟಿಗೆ ಬರುತ್ತೆ, ಆಮೇಲೆ ನಿಧಾನವಾಗಿ ಇಳಿಸ್ತಾರೆ. ತಲೆ ತಿರುಗೋವಾಗ ಬೈಕು, ಟ್ರ್ಯಾಕ್ಟರ್ ಮುಟ್ಟಬೇಡಿ. ನಿದ್ದೆ ಬರಲಿ ಅಂತ ಎಣ್ಣೆ ಹಾಕೋದು ಬೇಡವೇ ಬೇಡ. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್ ಮೇಲೇ ಯಾವತ್ತು ಎಷ್ಟು ಮಾತ್ರೆ, ಯಾವತ್ತು ಏನಾಯ್ತು ಅಂತ ಗೀಚಿಡಿ. ಡಾಕ್ಟರಿಗೆ ಅದಕ್ಕಿಂತ ಒಳ್ಳೇ ರಿಪೋರ್ಟ್ ಇಲ್ಲ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶಕ್ಕೇ ಮಾದರಿಯಾದದ್ದು ನಮ್ಮ ಬಳ್ಳಾರಿ. ಮಂಗಳವಾರ ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರಬೇಕು ಅಂತ ಮನೋಚೈತನ್ಯ ಅನ್ನೋ ಯೋಜನೆ ಇದೆ. ಮಂಗಳವಾರ ಡಾಕ್ಟರ್ ಬಂದಿದ್ದಾರಾ, ಮುಂದಿನ ತಿಂಗಳ ಮಾತ್ರೆ ಸ್ಟಾಕಿದೆಯಾ, ಇದನ್ನ ಎಂಎಲ್‌ಎಗಳನ್ನ ಕೇಳಿ. ಅಲ್ಲೀವರೆಗೆ, ಮನಸ್ಸು ತೀರಾ ಕುಸಿದರೆ, ಸಾಯೋ ಯೋಚನೆ ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ. ಟೆಲಿ ಮಾನಸ್, 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.