ಹೊಳೆಗೆ ಹೊರಟ ಹುಡುಗರ ಬ್ಯಾಗಲ್ಲಿ ಏನಿರಬೇಕು?

ಬಾತಿಯಿಂದ ಮಾತಾಡ್ತಾ ಇದೀನಿ.

ಮೊನ್ನೆ ನಮ್ಮ ಅಕ್ಕನ ಮಗ ಒಂದು ಉದ್ದನೆ ಡಬ್ಬಿ ಹಿಡ್ಕೊಂಡು ಮನೆಗೆ ಬಂದ. "ಮಾಮ, ಮೀನು ಹಿಡಿಯೋ ಕಿಟ್ ಬಂತು" ಅಂದ. ಅವನೂ ಅವನ ಮೂವರು ಗೆಳೆಯರೂ ಮೇ ಕೊನೇ ವಾರ ಹೊನ್ನಾಳಿ ಕಡೆ ತುಂಗಭದ್ರಾ ದಂಡೇಲಿ ಎರಡು ರಾತ್ರಿ ಟೆಂಟ್ ಹಾಕ್ತಾರಂತೆ. ನಾಲ್ಕು ಜನರಲ್ಲಿ ಒಬ್ಬನೂ ಈವರೆಗೆ ಗಾಳ ಹಾಕಿದವನಲ್ಲ. ಡಬ್ಬಿ ಬಿಚ್ಚಿ ನೋಡಿದ್ರೆ ಒಳಗಿರೋದು ಟ್ರೌಟ್ ಮೀನಿನ ಸಾಮಾನು! ತೆಳ್ಳನೆ ಫ್ಲೈ ರಾಡ್, ಪುಕ್ಕ ಕಟ್ಟಿದ ಸಣ್ಣ ಸಣ್ಣ ನೊಣಗಳು. ಯಾವುದೋ ಅಮೆರಿಕದ ವಿಡಿಯೋ ನೋಡಿ ತರಿಸಿದಾನೆ.

ಟ್ರೌಟ್ ತಣ್ಣೀರಿನ ಮೀನು. ಇಪ್ಪತ್ತು ಡಿಗ್ರಿ ದಾಟಿದ್ರೆ ಒದ್ದಾಡುತ್ತೆ. ನಮ್ಮ ಹತ್ತಿರದಲ್ಲಿ ಅದು ಇರೋದು ನೀಲಗಿರಿ, ಮುನ್ನಾರ್ ಕಡೆ, ಅಲ್ಲೂ ಬ್ರಿಟಿಷರು ತಂದು ಬಿಟ್ಟಿದ್ದು. ಮೇ ತಿಂಗಳ ತುಂಗಭದ್ರೆಯಲ್ಲಿ ಎಲ್ಲಿಂದ ಬರಬೇಕು? ಹಾಗಂತ ನಮ್ಮ ನೀರಿಗೆ ಯಾರೂ ಏನೂ ಬರೆದಿಲ್ಲ ಅಂತಲ್ಲ. ಎಚ್.ಎಸ್. ಥಾಮಸ್ ಅಂತ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಒಬ್ಬ ಸಾಹೇಬ ಇಲ್ಲಿನ ಹೊಳೆ ಮೀನು ಹಿಡಿಯೋದರ ಬಗ್ಗೆ 'ದಿ ರಾಡ್ ಇನ್ ಇಂಡಿಯಾ' ಅಂತ ಪುಸ್ತಕ ಬರೆದು 1873ರಲ್ಲಿ ಮಂಗಳೂರಲ್ಲೇ ಅಚ್ಚು ಹಾಕಿಸಿದ.

ಸರಿ, ನಮ್ಮ ಹೊಳೆಗೆ ಏನು ಬೇಕು? ಏಳು ಅಡಿಯ ಒಂದು ಸಾಧಾರಣ ಸ್ಪಿನ್ನಿಂಗ್ ರಾಡ್, ಅದಕ್ಕೊಂದು ಸಣ್ಣ ರೀಲ್, ಕಾಲು ಮಿಲಿಮೀಟರ್ ದಪ್ಪದ ನೈಲಾನ್ ದಾರ. ಅಷ್ಟೂ ಬೇಡ ಅಂದ್ರೆ ಒಂದು ಬಿದಿರು ಕಡ್ಡಿ, ಅದರುದ್ದದ್ದೇ ದಾರ. ಕಲಿಯೋರಿಗೆ ನಾನು ಬಿದಿರನ್ನೇ ಹೇಳ್ತೀನಿ. ರೀಲ್ ಇದ್ದವನು ದೂರ ಎಸೆಯೋ ಆಸೆಗೆ ಬಿದ್ದು ಕಾಲಬುಡದ ಮೀನು ಬಿಡ್ತಾನೆ. ಗಾಳ ಎಂಟನೇ ನಂಬರೋ ಹತ್ತನೇ ನಂಬರೋ ಸಾಕು. ನಂಬರ್ ದೊಡ್ಡದಾದಷ್ಟೂ ಗಾಳ ಚಿಕ್ಕದು, ಅಂಗಡೀಲಿ ಇಲ್ಲೇ ಎಲ್ಲರೂ ಎಡವೋದು. ಗೆಂಡೆ, ಜಿಲೇಬಿಯ ಬಾಯಿ ಸಣ್ಣದು, ದೊಡ್ಡ ಗಾಳಕ್ಕೆ ತಿಂಡಿ ತಿಂದು ಹೋಗ್ತಾವೆ. ಸೀಸದ ಗುಂಡು ನಾಲ್ಕು. ತೇಲೋಕೆ ಜೋಳದ ದಂಟಿನ ಬೆಂಡು, ದುಡ್ಡಿಲ್ಲದೆ ಸಿಗುತ್ತೆ.

ತಿಂಡಿಗೆ ಎರೆಹುಳ, ಇಲ್ಲಾ ಗಟ್ಟಿ ಕಲಸಿದ ಗೋಧಿ ಹಿಟ್ಟು. ಇನ್ನೊಂದು, ದಾವಣಗೆರೆಯೋರು ಮಂಡಕ್ಕಿ ಇಲ್ಲದೆ ಎಲ್ಲೂ ಹೋಗಲ್ಲವಲ್ಲ, ಒಂದು ಹಿಡಿ ನೆನೆಸಿ ಶೇಂಗಾ ಹಿಂಡಿ ಜೊತೆ ಉಂಡೆ ಕಟ್ಟಿ ನೀರಿಗೆ ಹಾಕಿ. ಅರ್ಧ ಗಂಟೇಲಿ ಮೀನು ಸೇರ್ತಾವೆ. ಮಿರ್ಚಿ ನಿಮಗೆ ಇಟ್ಕೊಳ್ಳಿ.

ಒಂದು ಇಕ್ಕಳ ಮರೀಬೇಡಿ. ಗಾಳದ ತುದಿ ಹತ್ರ ಹಿಂದಕ್ಕೆ ಚಾಚಿರೋ ಸಣ್ಣ ಮುಳ್ಳಿರುತ್ತಲ್ಲ, ಅದನ್ನ ಮನೇಲೇ ಒತ್ತಿ ಮಡಚಿಬಿಡಿ. ಬಿಡಬೇಕಾದ ಮೀನಿನ ಬಾಯಿ ಹರಿಯಲ್ಲ. ನಿಮ್ಮ ಬೆರಳಿಗೇ ಚುಚ್ಚಿದ್ರೂ ಸಲೀಸಾಗಿ ಆಚೆ ಬರುತ್ತೆ, ಆಸ್ಪತ್ರೆಗೆ ಮೂವತ್ತು ಕಿಲೋಮೀಟರ್ ಓಡೋದು ತಪ್ಪುತ್ತೆ.

ಬೇಸಿಗೆ ಕೊನೇಲಿ ನೀರು ಇಳಿದು ಮೀನೆಲ್ಲಾ ಮಡುವಿಗೆ ಸೇರಿರ್ತಾವೆ. ಹಿಡಿಯೋದು ಸುಲಭ, ಅದಕ್ಕೇ ಕೈ ಬಿಗಿ ಹಿಡೀಬೇಕು. ಮೊದಲ ಮಳೆಗೆ ಮರಿ ಮಾಡಬೇಕಾದ ಗೆಂಡೆ ಆ ಮಡುವಲ್ಲೇ ಇರೋದು. ಹೊಟ್ಟೆ ಉಬ್ಬಿದ್ದು ಸಿಕ್ಕರೆ ಕೈ ಒದ್ದೆ ಮಾಡ್ಕೊಂಡು ಹಿಡಿದು ಬಿಟ್ಟುಬಿಡಿ. ಜಿಲೇಬಿ ಹೊರಗಿಂದ ಬಂದ ಮೀನು, ಬೇಕಾದಷ್ಟಿದೆ, ಸಾರಿಗೆ ಅದೇ ಸಾಕು. ಇನ್ನು ಕೆರೇಲಿ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡ್ತಿದ್ರೆ ಹಸಿವು ಅಂದ್ಕೋಬೇಡಿ. ನೀರಲ್ಲಿ ಆಮ್ಲಜನಕ ಇಲ್ಲದೆ ಉಸಿರಿಗೆ ಒದ್ದಾಡ್ತಾ ಇರ್ತಾವೆ. ಗಾಳ ಮೂಸೋದೂ ಇಲ್ಲ.

ಎಲ್ಲಿ ಹಾಕೋದು ಅನ್ನೋದೂ ಮುಖ್ಯ. ಕೆರೆ ಮೀನು ಯಾರದೋ ಟೆಂಡರ್ ಆಗಿರುತ್ತೆ, ಕೇಳದೆ ಕೂತ್ರೆ ಜಗಳ. ಹೊಳೆಗೂ ಮೀನುಗಾರಿಕೆ ಇಲಾಖೇಲಿ ಮೊದಲೇ ವಿಚಾರಿಸಿ. ಭದ್ರಾ ಅಭಯಾರಣ್ಯದೊಳಗೆ ಗಾಳ ಹಿಡ್ಕೊಂಡು ಹೋದ್ರೆ ಕೇಸು. ತೀರ್ಥಹಳ್ಳಿ ಹತ್ರದ ಚಿಪ್ಪಲಗುಡ್ಡೆಯಂಥ ಮತ್ಸ್ಯಧಾಮದಲ್ಲಿ ಮೀನಿಗೆ ಮಂಡಕ್ಕಿ ಹಾಕಿ ಕೈ ಮುಗಿದು ಬರೋದಷ್ಟೇ.

ಈಗ ನಾನು ಅವನ ಕಿಟ್ ನೋಡಿ ಬೈದಿದ್ದು ಯಾಕೆ ಅಂತ ಹೇಳ್ತೀನಿ. ಪಿಯುಸಿ ಓದೋವಾಗ ಹರಿಹರದ ಹತ್ರ ಗಾಳ ಹಾಕಿದ್ದೆ. ಕಲ್ಲಿಗೆ ಸಿಕ್ಕೊಂತು. ಬಿಡಿಸೋಣ ಅಂತ ಇಳಿದೆ, ಮೊಣಕಾಲು ಮಟ್ಟದ ನೀರು. ಎರಡು ಹೆಜ್ಜೆ ಇಟ್ಟೆ. ಮೂರನೇ ಹೆಜ್ಜೆಗೆ ನೆಲ ಇಲ್ಲ. ಮರಳು ತೆಗೆದ ಗುಂಡಿ. ದಂಡೇಲಿ ಬಟ್ಟೆ ಒಗೀತಿದ್ದ ಒಬ್ಬ ಅಜ್ಜ ಒದ್ದೆ ಪಂಚೆ ಎಸೆದ, ಅದನ್ನ ಹಿಡ್ಕೊಂಡು ಬಂದೆ. ಗಾಳದ ಬೆಲೆ ಆಗ ಒಂದು ರೂಪಾಯಿನೂ ಇರಲಿಲ್ಲ. ಅಜ್ಜನ ಹೆಸರೂ ಕೇಳಲಿಲ್ಲ ನಾನು. ನಡುಗ್ತಾ ಇದ್ದೆ.

ಪ್ರತಿ ಬೇಸಿಗೆ ರಜಾದಲ್ಲಿ ಈಜು ಬರದ ಹುಡುಗರು ಹೊಳೆಗೆ ಬಿದ್ದ ಸುದ್ದಿ ನೀವೂ ಓದ್ತೀರಿ. ಗಾಳ ಸಿಕ್ಕೊಂಡ್ರೆ ದಾರ ಕತ್ತರಿಸಿ, ಇಳೀಬೇಡಿ. ಕತ್ತರಿಸಿದ ಚೂರು ಕೈಗೆ ಸಿಕ್ಕಷ್ಟನ್ನ ಜೇಬಿಗೆ ಹಾಕ್ಕೊಳ್ಳಿ, ಹಕ್ಕಿ, ನೀರುನಾಯಿ ಕಾಲಿಗೆ ಸುತ್ತಿಕೊಳ್ಳುತ್ತೆ. ಟೆಂಟ್ ಮರಳದಿಬ್ಬದ ಮೇಲಂತೂ ಬೇಡ. ಬೇಸಿಗೆಯಲ್ಲೂ ಕೆಳಗಿನ ಊರುಗಳ ಕುಡಿಯೋ ನೀರಿಗೆ ಅಂತ ಭದ್ರಾ ಡ್ಯಾಮಿಂದ ಹೊಳೆಗೆ ಬಿಡೋದುಂಟು. ಇಲ್ಲಿ ಮೋಡ ಇಲ್ಲ ಅಂತ ಮಲಗಿದ್ರೆ ರಾತ್ರಿ ನೀರು ಏರಿರುತ್ತೆ.

ಕಿಟ್ ವಾಪಸ್ ಹೋಯ್ತು. ಆ ದುಡ್ಡಲ್ಲಿ ಎರಡು ಬಿದಿರು ಕಡ್ಡಿ, ಮೂವತ್ತು ಅಡಿ ಹಗ್ಗ, ಎರಡು ಲೈಫ್ ಜಾಕೆಟ್ ಬಂದಿವೆ. ನಿನ್ನೆ ಸಂಜೆ ಟೆಂಡರ್‌ನವರನ್ನ ಕೇಳಿ ಬಾತಿ ಕೆರೆ ಏರಿ ಹತ್ರ ಕೂರಿಸಿದ್ದೆ, ಅಂಗೈಯಗಲದ ಒಂದು ಜಿಲೇಬಿ ಹಿಡಿದ. ಊರಿಗೆಲ್ಲಾ ಫೋಟೋ ಕಳಿಸಿದಾನೆ. ಹೋಗೋರು ನಾಲ್ಕು ಜನ, ಜಾಕೆಟ್ ಇನ್ನೂ ಎರಡು ಬೇಕು. ಅವು ಬರೋವರೆಗೂ ಕಾರಿನ ಕೀ ನನ್ನ ಹತ್ರನೇ ಇದೆ.