ನೆನಪಿದೆಯಾ ಅಂತ ಕೇಳಬೇಡಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವುದು ಹತ್ತು ನಿಮಿಷ. ಮೀಸಲಾತಿ, ಶಿಕ್ಷಣ, ಕಂಪನಿಗಳಲ್ಲಿ ಕಾಂಟ್ರಾಕ್ಟ್ ಕೆಲಸ, ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುವವರು ಇಲ್ಲಿದ್ದಾರೆ. ನಾನು ಮರೆವಿನ ಕಾಯಿಲೆ ಮತ್ತು ಮ್ಯೂಸಿಯಂ ಬಗ್ಗೆ ಮಾತಾಡುತ್ತೇನೆ. ಇವೆರಡಕ್ಕೂ ಏನು ಸಂಬಂಧ, ನಮ್ಮ ಸಂಘಕ್ಕೂ ಇದಕ್ಕೂ ಏನು ಸಂಬಂಧ ಅಂತ ಅನ್ನಿಸಬಹುದು. ಸ್ವಲ್ಪ ಕೇಳಿ.

ಅರವತ್ತಕ್ಕೆ ಅರಳು ಮರಳು ಅಂತ ಹೇಳಿ ನಾವು ನಕ್ಕು ಸುಮ್ಮನಾಗಿಬಿಡುತ್ತೇವೆ. ಆದರೆ ಇದು ಬರೀ ವಯಸ್ಸಲ್ಲ, ಕಾಯಿಲೆ. ಡಾಕ್ಟರುಗಳು ಡಿಮೆನ್ಷಿಯಾ ಅಂತಾರೆ. ಅದರಲ್ಲಿ ಹೆಚ್ಚು ಜನಕ್ಕೆ ಬರುವುದು ಅಲ್ಜೈಮರ್. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ ಇದು ಇದೆ. ಅಂದರೆ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಜಾಸ್ತಿ. 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಈ ಕಾಯಿಲೆಯ ಅಪಾಯ ಹೆಚ್ಚಿಸುವ 14 ವಿಷಯಗಳನ್ನು ಹೇಳಿತು. ಬಿಪಿ, ಸಕ್ಕರೆ ಕಾಯಿಲೆ, ಕಿವಿ ಕೇಳಿಸದಿರುವುದು, ಹೀಗೆ. ಅದರಲ್ಲಿ ಒಂದು, ಚಿಕ್ಕ ವಯಸ್ಸಿನಲ್ಲಿ ಓದು ಸಿಗದಿರುವುದು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಅಜ್ಜಿಯರಿಗೆ ಓದು ಸಿಗಲಿಲ್ಲವೋ, ಕೊಡಲಿಲ್ಲವೋ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸ್ಕೂಲ್ ಬಾಗಿಲಲ್ಲಿ ಆದ ಅನ್ಯಾಯ ಎಪ್ಪತ್ತನೇ ವಯಸ್ಸಿನಲ್ಲಿ ತಲೆಯೊಳಗೆ ಬಂದು ಕೂರುತ್ತದೆ ಅಂದರೆ ಇದು ನಮ್ಮ ಸಂಘದ ವಿಷಯವೇ.

ನಮ್ಮಜ್ಜಿಗೆ ಇದು ಶುರುವಾಗಿ ನಾಲ್ಕು ವರ್ಷ ಆಯಿತು. ಬೆಳಿಗ್ಗೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಳೆ ಕೀಳೋಕೆ ಹೊತ್ತಾಯ್ತು ಅಂತ ಹೊರಟುಬಿಡ್ತಾಳೆ. ಅವಳು ಕೂಲಿಗೆ ಹೋಗುತ್ತಿದ್ದ ಆ ರಾಗಿ ಹೊಲ ಈಗ ಸಿಪ್ಕಾಟ್ ಕಾಂಪೌಂಡಿನ ಒಳಗಿದೆ. ಗೋಡೆ ಮುಂದೆ ನಿಂತು ದಾರಿ ಎಲ್ಲಿ ಅಂತ ಕೇಳ್ತಾಳೆ. ಅವಳು ಕೇಳುವುದು ತಪ್ಪು ಅಂತ ನನಗೆ ಹೇಳೋಕೆ ಬರಲ್ಲ, ದಾರಿ ಇದ್ದಿದ್ದು ನಿಜ ತಾನೇ.

ಇಂಥವರಿಗೆ ಹಳೆಯ ವಸ್ತು, ಹಳೆಯ ಫೋಟೋ ತೋರಿಸಿ ನೆನಪು ಮೂಡಿಸಿ ಅಂತ ಸಲಹೆ ಕೊಡುತ್ತಾರೆ. ಒಳ್ಳೆಯ ಸಲಹೆಯೇ. ಇಂಗ್ಲೆಂಡಿನ ಲಿವರ್‌ಪೂಲ್ ಮ್ಯೂಸಿಯಂಗಳು ಇದನ್ನೇ ಒಂದು ದೊಡ್ಡ ಕಾರ್ಯಕ್ರಮವಾಗಿ ಮಾಡುತ್ತಿವೆ. ಆದರೆ ಹಳೆಯದೆಲ್ಲ ಸಿಹಿ ಅನ್ನುವ ನಂಬಿಕೆ ಇದರ ಹಿಂದೆ ಇದೆ, ಅದು ಯಾರ ಮನೆಯ ಹಳೆಯದು ಅಂತ ನಾವು ಕೇಳಬೇಕು. ಒಂದು ದಿನ ಅಜ್ಜಿಯನ್ನು ಟೀ ಅಂಗಡಿಗೆ ಕರೆದುಕೊಂಡು ಹೋದೆ. ಒಳಗೆ ಬಾ ಅಂದರೂ ಬರಲಿಲ್ಲ. ರಸ್ತೆ ಪಕ್ಕ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಬೊಗಸೆ ಮಾಡಿ ಮುಂದಕ್ಕೆ ಚಾಚಿದಳು. ಅಂಗಡಿ ಹುಡುಗನಿಗೆ ಏನೂ ಅರ್ಥ ಆಗಲಿಲ್ಲ, ನನಗೆ ಅರ್ಥ ಆಯಿತು. ನಿನ್ನೆ ತಿಂದಿದ್ದನ್ನು ಮರೆತವಳಿಗೆ ಇದು ಮರೆತಿಲ್ಲ. ನಮ್ಮವರಿಗೆ 'ಜ್ಞಾಪಿಸಿಕೋ' ಅನ್ನುವ ಮೊದಲು ಎರಡು ಸಲ ಯೋಚನೆ ಮಾಡಬೇಕು.

ಅದಕ್ಕೇ ನನಗೆ ಇನ್ನೊಂದು ದಾರಿ ಹೆಚ್ಚು ಹಿಡಿಸಿತು. ನ್ಯೂಯಾರ್ಕಿನಲ್ಲಿ ಮೋಮಾ ಅನ್ನುವ ಆಧುನಿಕ ಕಲೆಯ ಮ್ಯೂಸಿಯಂ ಇದೆ. 2006ರಿಂದ ಅಲ್ಲಿ ಮರೆವಿನ ಕಾಯಿಲೆ ಇರುವವರನ್ನೂ ಅವರನ್ನು ನೋಡಿಕೊಳ್ಳುವ ಮನೆಯವರನ್ನೂ ಒಟ್ಟಿಗೆ ಕರೆಯಲು ಶುರು ಮಾಡಿದರು. ತಿಂಗಳಿಗೊಮ್ಮೆ, ಮಂಗಳವಾರ, ಆಗ ಮ್ಯೂಸಿಯಂಗೆ ರಜೆ ಇರುತ್ತಿದ್ದ ದಿನ. ಜನ ಇರುತ್ತಿರಲಿಲ್ಲ, ಗಲಾಟೆ ಇರುತ್ತಿರಲಿಲ್ಲ. ನೂರು ಚಿತ್ರ ತೋರಿಸಲ್ಲ, ನಾಲ್ಕೈದು ಮಾತ್ರ. ಒಂದೊಂದರ ಮುಂದೆ ಎಲ್ಲರೂ ಕೂತು ನಿಧಾನವಾಗಿ ನೋಡುತ್ತಾರೆ. ತರಬೇತಿ ಪಡೆದ ಒಬ್ಬರು ಕೇಳುತ್ತಾರೆ: ಇಲ್ಲಿ ಏನು ಕಾಣ್ತಿದೆ? ಈ ಹೆಂಗಸು ಎಲ್ಲಿಗೆ ಹೋಗುತ್ತಿರಬಹುದು? ನಿಮಗೆ ಇದು ಇಷ್ಟವಾಯಿತಾ? ಇಲ್ಲಿ ಸರಿ ಉತ್ತರ, ತಪ್ಪು ಉತ್ತರ ಅಂತ ಇಲ್ಲ. ನೆನಪಿದೆಯಾ ಅಂತ ಯಾರೂ ಕೇಳಲ್ಲ. ಹೊಸ ವಿಷಯ ಉಳಿಸಿಕೊಳ್ಳುವ ಶಕ್ತಿ ಮೊದಲು ಹೋಗುತ್ತದೆ, ಆದರೆ ನೋಡುವುದು, ಸಂತೋಷ ಸಿಟ್ಟು ಪಡುವುದು, ನನಗೆ ಹೀಗನ್ನಿಸುತ್ತೆ ಅಂತ ಹೇಳುವುದು ಇನ್ನೂ ಬಹಳ ದಿನ ಉಳಿಯುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದವರು ಇದನ್ನು ಪರಿಶೀಲಿಸಿದಾಗ ಕಾಯಿಲೆಯವರ ಮನಸ್ಸೂ, ಮನೆಯವರ ಮನಸ್ಸೂ ಹಗುರವಾಗಿದ್ದು ಕಂಡಿತು. ಕಾಯಿಲೆ ವಾಸಿಯಾಗಲ್ಲ. ಆ ಸುಳ್ಳು ಆಸೆ ನಾನು ಕೊಡಲ್ಲ.

ಅಮೆರಿಕದ ಕಥೆ ನಮಗೆ ಯಾಕೆ ಅನ್ನಬೇಡಿ. ಕೃಷ್ಣಗಿರಿಯಲ್ಲಿ ಸರ್ಕಾರಿ ಮ್ಯೂಸಿಯಂ ಇದೆ. ನಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ, ಕೈ ಎತ್ತಿ ಅಂದಾಗ ಸಭೆಯಲ್ಲಿ ಮೂರು ಕೈ ಎದ್ದವು. ಕಳೆದ ವರ್ಷ ನಾನು ಅಜ್ಜಿಯನ್ನೂ ಅವ್ವನನ್ನೂ ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದೆ. ಬಾಗಿಲ ಹತ್ತಿರ ಅಜ್ಜಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು. ಇದು ಗುಡಿ ಅಲ್ಲ, ಗೌಡರ ಮನೆಯೂ ಅಲ್ಲ, ಹಾಕ್ಕೋ ಅಂದೆ. ಒಂದು ವೀರಗಲ್ಲಿನ ಮುಂದೆ ನಿಲ್ಲಿಸಿದೆ. ನಮ್ಮ ಕೃಷ್ಣಗಿರಿ, ಧರ್ಮಪುರಿ ಕಡೆ ದನ ಹಿಡಿಯುವ ಜಗಳದಲ್ಲಿ ಸತ್ತವರಿಗೆ ನೆಟ್ಟ ಇಂಥ ಕಲ್ಲುಗಳು ಬಹಳ ಸಿಗುತ್ತವೆ.

"ಅಜ್ಜಿ, ಇಲ್ಲಿ ಏನ್ ಕಾಣ್ತೈತೆ?"

ತುಂಬಾ ಹೊತ್ತು ನೋಡಿದಳು. "ಗಂಡಾಳು. ಕತ್ತಿ ಹಿಡ್ಕೊಂಡವ್ನೆ."

"ಯಾಕ್ ಹಿಡ್ಕೊಂಡವ್ನೆ?"

"ದನ ಬಿಡಿಸ್ಕೊಳಾಕೆ." ಇನ್ನೂ ಸ್ವಲ್ಪ ಹೊತ್ತು. "ದನ ಇವನ್ದಲ್ಲ ಕಣ್ಲಾ. ದನ ಇರೋನು ಮನೇಲಿರ್ತಾನೆ. ಸಾಯೋನು ಕಾಯೋನು."

ಅವ್ವ ಜೋರಾಗಿ ನಕ್ಕುಬಿಟ್ಟಳು. ಎಷ್ಟೋ ತಿಂಗಳ ಮೇಲೆ ಅವಳು ಹಾಗೆ ನಕ್ಕಿದ್ದು. ಬಿಎ ಇತಿಹಾಸದ ಕ್ಲಾಸಿನಲ್ಲಿ ಎರಡು ವರ್ಷದಿಂದ ಕೂತಿದ್ದೇನೆ, ಈ ಪ್ರಶ್ನೆಯನ್ನು ಯಾರ ಬಾಯಲ್ಲೂ ಕೇಳಿಲ್ಲ. ಅದು ಆ ಕಲ್ಲಿನ ವಿಷಯದಲ್ಲಿ ನಿಜವೋ ಅಲ್ಲವೋ, ಅದು ಬೇರೆ ಮಾತು. ಅಜ್ಜಿಗೆ ಒಂದು ಅಭಿಪ್ರಾಯ ಇತ್ತು, ಅದನ್ನು ಹೇಳಿದಳು, ಮೂರು ಜನ ನಿಂತು ಕೇಳಿದೆವು. ಅವಳ ಜೀವಮಾನದಲ್ಲಿ ಅವಳನ್ನು ಕೆಲಸಕ್ಕೆ ಕರೆದವರು ಬಹಳ, ನಿನಗೇನನ್ನಿಸುತ್ತೆ ಅಂತ ಕೇಳಿದವರು ಕಡಿಮೆ.

ಅವ್ವನ ಬಗ್ಗೆಯೂ ಹೇಳಬೇಕು. ಅವಳು ಕಂಪನಿಯಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡ್ತಾಳೆ. ಶಿಫ್ಟ್ ಮುಗಿಸಿ ಬಂದು ಅತ್ತೆಗೆ ಸ್ನಾನ ಮಾಡಿಸಿ, ಊಟ ತಿನ್ನಿಸಿ, ರಾತ್ರಿ ಎದ್ದು ಹೋಗದಂತೆ ಬಾಗಿಲಿಗೆ ಅಡ್ಡ ಮಲಗ್ತಾಳೆ. ಊರಲ್ಲಿ ಎಲ್ಲರೂ ಕೇಳುವುದು "ನಿಮ್ಮತ್ತೆ ಹೆಂಗವ್ರೆ?" ಅಂತ. ಅವಳು ಹೆಂಗವ್ಳೆ ಅಂತ ಯಾರೂ ಕೇಳಲ್ಲ. ಮ್ಯೂಸಿಯಂ ಕಾರ್ಯಕ್ರಮದಲ್ಲಿ ನೋಡಿಕೊಳ್ಳುವವರನ್ನೂ ಅದೇ ಸಾಲಿನಲ್ಲಿ ಕೂರಿಸುತ್ತಾರೆ, ಅವರಿಗೂ ಅದೇ ಪ್ರಶ್ನೆ ಕೇಳುತ್ತಾರೆ. ಅಷ್ಟು ಹೊತ್ತು ಅವರು ಔಷಧಿ ಕೊಡುವವರಲ್ಲ, ಚಿತ್ರ ನೋಡಲು ಬಂದವರು.

1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಜನರನ್ನು ಕರೆದುಕೊಂಡು ಹೋಗಿದ್ದು ಸಾರ್ವಜನಿಕ ಕೆರೆಗೆ. ಮ್ಯೂಸಿಯಂ ಕೂಡ ನಮ್ಮ ತೆರಿಗೆಯಲ್ಲಿ ನಡೆಯುವ ಸಾರ್ವಜನಿಕ ಜಾಗ. ಅಲ್ಲಿ ನಮ್ಮನ್ನು ಯಾರೂ ತಡೆಯಲ್ಲ, ಆದರೂ ನಾವು ಹೋಗಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಹಳೇ ಸರ್ಕಾರಿ ಮ್ಯೂಸಿಯಂಗೆ, ಅದೇ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಕಲಾ ಮ್ಯೂಸಿಯಂಗೆ, ರಾಮನಗರದ ಜಾನಪದ ಲೋಕಕ್ಕೆ ಹೊಸೂರಿನಿಂದ ಹೋಗಿ ಒಂದೇ ದಿನದಲ್ಲಿ ವಾಪಸ್ ಬರಬಹುದು. ಜಾನಪದ ಲೋಕದಲ್ಲಿ ನೇಗಿಲು, ವಾದ್ಯ, ಪಾತ್ರೆ ಎಲ್ಲ ಇದೆ. ಅಲ್ಲಿ ಮಾತ್ರ ಹುಷಾರಾಗಿರಬೇಕು. ತಮಟೆ ಕಂಡರೆ ಒಬ್ಬರು ಕುಣಿಯಬಹುದು, ಇನ್ನೊಬ್ಬರು ಮುಖ ತಿರುಗಿಸಬಹುದು. ತಿರುಗಿಸಿದರೆ ಬಲವಂತ ಮಾಡದೆ ಮುಂದೆ ಹೋಗಬೇಕು.

ಇದರ ಜೊತೆಗೆ ವೈದ್ಯರ ಕೆಲಸ ಬೇರೆ ಇದೆ. ಮನೆ ಬಾಗಿಲಿಗೆ ಬಿಪಿ, ಶುಗರ್ ಮಾತ್ರೆ ತರುವ ಯೋಜನೆಯನ್ನು ತಮಿಳುನಾಡು ಸರ್ಕಾರ 2021ರಲ್ಲಿ ಶುರು ಮಾಡಿದ್ದೇ ನಮ್ಮ ಜಿಲ್ಲೆಯ ಸಾಮನಪಲ್ಲಿಯಲ್ಲಿ. ಆ ಮಾತ್ರೆ ಬಿಡದೆ ತಗೊಳ್ಳಿ. ಮರೆವು ಜಾಸ್ತಿ ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಬಹುದು. ಹಿರಿಯರ ಸಹಾಯವಾಣಿ 14567 ಉಚಿತ.

ನಮ್ಮ ಸಂಘಕ್ಕೆ ನಾನು ಕೇಳುವುದು ಇಷ್ಟು. ಮುಂದಿನ ತಿಂಗಳು ಒಂದು ವ್ಯಾನ್. ನಾಲ್ಕು ಮನೆ, ಒಂದೊಂದು ಮನೆಯಿಂದ ಇಬ್ಬರು, ಜೊತೆಗೆ ನಮ್ಮ ಹುಡುಗ ಹುಡುಗಿಯರು ನಾಲ್ವರು. ಕೂರಲು ಪ್ಲಾಸ್ಟಿಕ್ ಸ್ಟೂಲು ನಾವೇ ತಗೊಂಡು ಹೋಗೋಣ, ಅಲ್ಲಿ ಇರುತ್ತೋ ಇಲ್ಲವೋ. ಶೌಚಾಲಯ ಎಲ್ಲಿದೆ, ಮೆಟ್ಟಿಲು ಎಷ್ಟು, ರಜೆ ಯಾವತ್ತು ಅಂತ ಒಬ್ಬರು ಮೊದಲೇ ಹೋಗಿ ನೋಡಿಕೊಂಡು ಬರಬೇಕು, ಆ ಕೆಲಸ ನನ್ನದು. ನಾಲ್ಕು ಕಲ್ಲು ನೋಡಿದರೆ ಸಾಕು, ಒಂದು ಗಂಟೆ ಸಾಕು. ಊಟ ಕಟ್ಟಿಕೊಂಡು ಹೋಗೋಣ. ಮನೆಯಲ್ಲಿ ಇಂಥ ಹಿರಿಯರು ಇರುವವರು ಇವತ್ತು ಊಟ ಆದ ಮೇಲೆ ಹೆಸರು ಬರೆಸಿ. ಇದನ್ನು ಓದುತ್ತಿರುವವರು ಸಂಘದ ಆಫೀಸಿಗೆ ಬಂದು ಬರೆಸಿ. ಹಿರಿಯರ ಹೆಸರಿನ ಪಕ್ಕದಲ್ಲಿ ನೋಡಿಕೊಳ್ಳುವವರ ಹೆಸರನ್ನೂ ಬರೆಸಿ.