ಹಳದಿ ಕಾಗದ, ಬೆಳ್ಳಿಯ ದೀಪಸ್ತಂಭ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ಸಾಫ್ಟ್‌ವೇರ್ ಇಂಜಿನಿಯರ್ ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದುಕೊಂಡಿರಬಹುದು. ನಾನು ಹೇಳಹೊರಟಿರುವುದು ಒಂದು ಕಾದಂಬರಿಯ ವಿಷಯ. ವಿಕ್ಟರ್ ಹ್ಯೂಗೋ ಎಂಬ ಫ್ರೆಂಚ್ ಲೇಖಕರ ‘ಲೇ ಮಿಸರಾಬ್ಲ್’ 1862ರಲ್ಲಿ ಪ್ರಕಟವಾಯಿತು. ಒಮ್ಮೆ ಕೆಟ್ಟವನೆನಿಸಿಕೊಂಡವನು ಒಳ್ಳೆಯವನಾಗಬಲ್ಲನೇ ಎಂಬುದೇ ಅದರ ಪ್ರಶ್ನೆ.

ಅಕ್ಕನ ಏಳು ಮಕ್ಕಳು ಹಸಿದಿದ್ದಾಗ ಜ್ಯಾಂ ವಾಲ್‌ಜ್ಯಾಂ ಒಂದು ಬ್ರೆಡ್ ಕದಿಯುತ್ತಾನೆ. 5 ವರ್ಷದ ಶಿಕ್ಷೆ, ತಪ್ಪಿಸಿಕೊಳ್ಳಲು ಮಾಡಿದ ಪ್ರಯತ್ನಗಳಿಂದ 19 ವರ್ಷವಾಗುತ್ತದೆ. 1815ರಲ್ಲಿ ಬಿಡುಗಡೆಯಾದಾಗ ಕೈಯಲ್ಲಿ ಹಳದಿ ಬಣ್ಣದ ಗುರುತಿನ ಕಾಗದ. ಅದನ್ನು ಕಂಡವರು, ಅವನ ಬಳಿ ದುಡ್ಡಿದ್ದರೂ, ಊಟ ಕೊಡುವುದಿಲ್ಲ, ಮಲಗಲು ಜಾಗ ಕೊಡುವುದಿಲ್ಲ. ಒಬ್ಬ ವೃದ್ಧ ಬಿಷಪ್ ಮಾತ್ರ ಮನೆಗೆ ಕರೆದು ಉಣ್ಣಿಸುತ್ತಾರೆ. ಅವರ ಬೆಳ್ಳಿಯನ್ನೇ ಕದ್ದು ಓಡುತ್ತಾನೆ. ಪೊಲೀಸರು ಹಿಡಿದು ತಂದರೆ, ಅದು ತಾವೇ ಕೊಟ್ಟದ್ದು ಎಂದು ಬಿಷಪ್ ಹೇಳಿ, ಎರಡು ಬೆಳ್ಳಿಯ ದೀಪಸ್ತಂಭಗಳನ್ನೂ ಕೈಗಿಡುತ್ತಾರೆ.

ಮಕ್ಕಳೇ, ಅಲ್ಲಿಗೇ ಅವನು ಬದಲಾದನೆಂದು ಹ್ಯೂಗೋ ಬರೆಯುವುದಿಲ್ಲ. ಇಷ್ಟಾದ ಮೇಲೂ ದಾರಿಯಲ್ಲಿ ಒಬ್ಬ ಬಡ ಹುಡುಗನ ನಾಣ್ಯವನ್ನು ಕಾಲಡಿ ಒತ್ತಿ ಹಿಡಿಯುತ್ತಾನೆ. ಹುಡುಗ ಅಳುತ್ತ ಹೋದ ಮೇಲೆ ಎಚ್ಚರವಾಗಿ, ಕೂಗಿ ಹುಡುಕಿ, ಸಿಗದೆ ಬಿಕ್ಕಿ ಬಿಕ್ಕಿ ಅಳುತ್ತಾನೆ. ಮುಂದೆ ಹೆಸರು ಬದಲಿಸಿ ಕಾರ್ಖಾನೆ ಕಟ್ಟುತ್ತಾನೆ, ಊರಿನ ಮೇಯರ್ ಆಗುತ್ತಾನೆ. ಅಷ್ಟರಲ್ಲಿ ಬೇರೊಬ್ಬನನ್ನು ವಾಲ್‌ಜ್ಯಾಂ ಎಂದೇ ತಿಳಿದು ಕೋರ್ಟಿಗೆ ನಿಲ್ಲಿಸುತ್ತಾರೆ. ಸುಮ್ಮನಿದ್ದರೆ ಇವನು ಬಚಾವು. ಆದರೂ ರಾತ್ರಿಯೆಲ್ಲ ಒದ್ದಾಡಿ, ತಾನೇ ಹೋಗಿ ‘ವಾಲ್‌ಜ್ಯಾಂ ನಾನು’ ಎಂದು ಒಪ್ಪಿಕೊಳ್ಳುತ್ತಾನೆ. ಬಿಷಪ್ ಕೊಟ್ಟ ಕ್ಷಮೆ ಪುಕ್ಕಟೆಯಾಗಿತ್ತು. ಅದಕ್ಕೆ ತಕ್ಕಂತೆ ಬಾಳುವುದಕ್ಕೆ ಮಾತ್ರ ಬೆಲೆ ತೆರಬೇಕಾಯಿತು.

ಅವನ ಬೆನ್ನು ಹತ್ತಿದ ಇನ್‌ಸ್ಪೆಕ್ಟರ್ ಜಾವೇರ್ ಲಂಚ ಮುಟ್ಟದ ಪ್ರಾಮಾಣಿಕ. ಕಳ್ಳ ಎಂದೆಂದಿಗೂ ಕಳ್ಳನೇ ಎಂಬುದು ಅವನ ನಂಬಿಕೆ. ಅಂಥವನ ಪ್ರಾಣವನ್ನು ವಾಲ್‌ಜ್ಯಾಂ ಉಳಿಸುತ್ತಾನೆ. ಆ ಲೆಕ್ಕ ತಾಳೆಯಾಗದೆ ಜಾವೇರ್ ಸೇನ್ ನದಿಗೆ ಹಾರುತ್ತಾನೆ.

ನಾನು ದಿನವೂ ಮಾಡುವುದು ಜನರ ದಾಖಲೆಗಳನ್ನು ಕಾಪಿಡುವ ಕೆಲಸ. ಹಳದಿ ಕಾಗದ ಹರಿಯಬಹುದು, ಮಾಸಬಹುದು. ನಮ್ಮ ಡೇಟಾಬೇಸ್‌ಗೆ ಮರೆವು ಎಂಬುದೇ ಇಲ್ಲ. ಹದಿನೈದನೇ ವಯಸ್ಸಿನಲ್ಲಿ ಹಾಕಿದ ಒಂದು ವಿಡಿಯೊ ಮೂವತ್ತನೇ ವಯಸ್ಸಿನಲ್ಲಿ ಎದುರಿಗೆ ಬಂದು ನಿಲ್ಲುವ ಕಾಲವಿದು. ಯಂತ್ರಕ್ಕೆ ಜಾವೇರ್‌ನ ಕೆಲಸ ಬಲು ಚೆನ್ನಾಗಿ ಬರುತ್ತದೆ. ಬಿಷಪ್‌ನ ಕೆಲಸವನ್ನು ಮನುಷ್ಯರೇ ಮಾಡಬೇಕು.

ಆ ಕೆಲಸ ಹೆಚ್ಚಾಗಿ ನಡೆಯಬೇಕಾದದ್ದು ಶಾಲೆಯಲ್ಲಿ. ‘ದಡ್ಡ’, ‘ಉಡಾಳ’, ‘ಎಸ್‌ಎಸ್‌ಎಲ್‌ಸಿ ಫೇಲ್’ — ಇವೂ ಹಳದಿ ಕಾಗದಗಳೇ. ಟಿ.ಸಿ.ಯಲ್ಲಿ ‘ನಡತೆ’ ಎಂಬ ಒಂದು ಸಾಲಿದೆ. ಅಲ್ಲಿ ‘ಉತ್ತಮ’ ಎಂದು ಬರೆಯುವಾಗ ಗುರುಗಳು ಎಷ್ಟೋ ಸಲ ಆ ಹುಡುಗ ಮುಂದೆ ಆಗಬಹುದಾದದ್ದನ್ನು ಬರೆಯುತ್ತಾರೆ. ಐವತ್ತು ವರ್ಷಗಳಲ್ಲಿ ಇಲ್ಲಿ ಅಂಥ ಎಷ್ಟು ದೀಪಸ್ತಂಭಗಳನ್ನು ಕೊಟ್ಟಿದ್ದಾರೋ, ಲೆಕ್ಕವಿಟ್ಟವರಿಲ್ಲ.

ಪಡೆದವರು ನಾವು ಇಲ್ಲಿ ಬಹಳ ಜನ ಕುಳಿತಿದ್ದೇವೆ. ಬೆಲೆ ತೆರುವ ಸರದಿ ಈಗ ನಮ್ಮದು. ನಮ್ಮ ಕೈಕೆಳಗೆ ಕೆಲಸಕ್ಕೆ ಬರುವ ಹುಡುಗರ ಕಾಗದ ನೋಡುವಾಗ, ಅದರಾಚೆಗಿನ ಮುಖವನ್ನೂ ನೋಡೋಣ.